ಕಿವಿಗಿಟ್ಟು ಅಲ್ಲಾಡಿಸಿದ ಬೂಟು

ಕಳೆದ ಶ್ರಾವಣದ ಮೂರನೇ ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ, ತಿಪಟೂರಿನ ಚಪ್ಪಲಿ ಅಂಗಡಿಯೊಂದರಲ್ಲಿ, ಬಿಳಿಗೆರೆಯ ನಮ್ಮ ಸೋದರಮಾವ ಒಂದು ಬೂಟನ್ನು ಎತ್ತಿಕೊಂಡು, ಎಡಗಿವಿಯ ಹತ್ತಿರ ಹಿಡಿದು, ಮೂರು ಸಲ ಅಲ್ಲಾಡಿಸಿದರು. ಅದು ಕಲ್ಲುಮುಳ್ಳಿನ ದಾರಿಯಲ್ಲಿ, ಗುಡ್ಡಗಾಡಿನಲ್ಲಿ ಮೈಲಿಗಟ್ಟಲೆ ಓಡುವವರಿಗೆಂದು ಮಾಡಿದ, ದಪ್ಪ ಮೆತ್ತನೆ ಅಟ್ಟೆಯ ಬೂಟು. ಆಮೇಲೆ ಅಂಗಡಿಯವರ ಕಡೆ ತಿರುಗಿ ತೀರ್ಪು ಕೊಟ್ಟರು.

“ಇನ್ನೂ ಹಸಿ ಐತೆ.”

ನಾನು ಪಕ್ಕದಲ್ಲೇ ನಿಂತಿದ್ದೆ. ಇಪ್ಪತ್ತು ವರ್ಷ ಪತ್ರಿಕೆಗೆ ವರದಿ ಮಾಡಿದವನು, ಉತ್ಪ್ರೇಕ್ಷೆ ನನ್ನ ಅಭ್ಯಾಸವಲ್ಲ. ಮೂರೇ ಸಲ ಅಲ್ಲಾಡಿಸಿದ್ದು.

ಮಾವನಿಗೆ ಅರವತ್ತೆಂಟು, ತೆಂಗು ಬೆಳೆಗಾರ. ನಮ್ಮ ಕಡೆ ಕೊಬ್ಬರಿ ಮಾಡಲು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಾಯಿ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಸದ್ದು ಬಂದರೆ ಕೊಬ್ಬರಿ ಆಯಿತು, ಬರದಿದ್ದರೆ ಹಸಿ, ಮತ್ತೆ ಅಟ್ಟಕ್ಕೆ. ಈ ಪರೀಕ್ಷೆಯಲ್ಲಿ ಮಾವನ ಎಡಗಿವಿಗೆ ಸುತ್ತಮುತ್ತ ಸಾಟಿಯಿಲ್ಲ. ತೊಂದರೆ ಏನೆಂದರೆ ಆ ಕಿವಿ ಕಾಯಿಗೆ ನಿಲ್ಲುವುದಿಲ್ಲ. ಕಲ್ಲಂಗಡಿ, ಟಾರ್ಚು, ಕೆಮ್ಮಿನ ಔಷಧಿ, ನಾನು ಕೊಂಡ ಹೊಸ ಮೊಬೈಲು, ಎಲ್ಲವೂ ಅದರ ಮುಂದೆ ಹಾಜರಾಗಿವೆ. ಮಗಳಿಗೆ ಗಂಡು ನೋಡಲು ಹೋದಾಗ ಹುಡುಗನ ತಲೆಯೊಂದನ್ನು ಯಾಕೆ ಬಿಟ್ಟರೋ ತಿಳಿಯದು. ಪಕ್ಕದಲ್ಲಿ ಅತ್ತೆ ಕೂತಿದ್ದರು, ಅದೇ ಕಾರಣವಿರಬಹುದು.

“ಮೂವತ್ತು ಕಿಲೋಮೀಟರ್ ಓಡಿದ್ರೂ ಕಾಲು ನೋಯಲ್ಲ ಯಜಮಾನ್ರೇ” ಎಂದರು ಅಂಗಡಿಯವರು.

“ನೀನು ಓಡಿದ್ದೀಯೇನಪ್ಪ?”

“ಇಲ್ಲ.”

“ಮತ್ತೆ ಯಾರು ಹೇಳಿದ್ರು?”

“ಡಬ್ಬದ ಮೇಲೆ ಬರ್ದವ್ರೆ.”

“ಡಬ್ಬ ಓಡಿತ್ತಾ?”

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಮಾವ ಹೆಬ್ಬೆರಳ ಉಗುರಿನಿಂದ ಅಟ್ಟೆಯನ್ನು ಒತ್ತಿ, ಒಳಗೆ ಮೂಗು ತೂರಿಸಿ ಮೂಸಿ, “ಎಂಟನೇ ನಂಬರು ಕೊಡು” ಎಂದರು. ಅವರ ಕಾಲಿನ ಅಳತೆ ಏಳು. ನಾನು ಅದನ್ನು ಹೇಳಿದೆ ಕೂಡ. “ಎಂಟು” ಎಂದರು ಮತ್ತೆ, ಹರಾಜು ಮುಗಿಸುವ ದನಿಯಲ್ಲಿ.

ಮನೆಯಲ್ಲಿ ಆಗ ದೊಡ್ಡ ಸುದ್ದಿ ಬೂಟಲ್ಲ, ಅತ್ತೆಯ ಹಿಮ್ಮಡಿ. ಅತ್ತೆಯ ತವರು ಕಂದಿಕೆರೆ. ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ಪುಟ್ಟ ಬಸವಣ್ಣ. ಕಾರ್ತಿಕದ ಕಡೇ ಸೋಮವಾರ ಅಲ್ಲಿ ದೀಪ ಹಚ್ಚುವುದು ಅವರು ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ನಡೆಸಿಕೊಂಡು ಬಂದದ್ದು, ಮದುವೆಯಾಗಿ ಬಂದ ಮೇಲೂ ತಪ್ಪಿಸಿರಲಿಲ್ಲ. ಎರಡು ವರ್ಷದಿಂದ ತಪ್ಪಿತ್ತು. ಬೆಳಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂತೆ ನೋವು. ಡಾಕ್ಟರು ಮೆತ್ತನೆಯದನ್ನು ಕಾಲಿಗೆ ಹಾಕಲು ಹೇಳಿದರು. ಮಗಳು ಎರಡು ಜೊತೆ ತಂದಳು. ಎರಡೂ ಡಬ್ಬದ ಸಮೇತ ಬೀರುವಿನಲ್ಲಿವೆ.

ಯಾಕೆಂದರೆ ಅತ್ತೆ ತನಗೆಂದು ತಂದ ಹೊಸದನ್ನು ಮುಟ್ಟುವುದಿಲ್ಲ. “ನಂಗ್ಯಾಕೆ ಹೊಸ್ದು? ಇವ್ರದು ಹಳೇದಿದ್ರೆ ಕೊಡಿ, ಹಾಕ್ಕತೀನಿ.” ಹಾಲು ಕರೆಯುವಾಗ ಮಾವನ ಹಳೇ ಸ್ವೆಟರು, ಹಿತ್ತಲಿಗೆ ಮಾವನ ಹಳೇ ಚಪ್ಪಲಿ. ಒಂದು ವರ್ಷ ಮಾವನ ಹಳೇ ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸಿದ್ದರು. ಆ ವರ್ಷ ನಾವೆಲ್ಲ ಅನ್ನದಲ್ಲಿ ಬೇಕಾದಷ್ಟು ಕಲ್ಲು ತಿಂದೆವು.

ಇಂಥ ಹೊತ್ತಿನಲ್ಲಿ ಮಾವ ತನಗೊಂದು ಓಟದ ಬೂಟು ತಂದರೆ ಮನೆಯವರಿಗೆ ಹೇಗಾಗಬೇಡ? ಮಗಳು ನನಗೆ ಫೋನ್ ಮಾಡಿ, “ಅಮ್ಮಂಗೆ ಕಾಲು ನೋವು, ಅಪ್ಪಂಗೆ ಓಡೋ ಬೂಟು. ನೀವಾದ್ರೂ ಹೇಳಬಾರ್ದಾ?” ಎಂದಳು. ಹೇಳಿದೆ. ಮಾವ, “ಮಾಲು ಮೊದ್ಲು ಪರೀಕ್ಷೆ ಆಗ್ಲಿ. ಸೋಮವಾರ ಸೋಮವಾರ ಹೇಳ್ತೀನಿ, ನೀನು ಬರ್ಕೋ” ಎಂದರು.

ಮೊದಲ ಸೋಮವಾರದ ವರದಿ: ಬೂಟು ಅಟ್ಟಕ್ಕೆ ಹೋಗಿದೆ. ಹೊಸ ಮಾಲು ಮಾಗಬೇಕಂತೆ. ಮೂರು ವಾರ ಅದು ಕಾಯಿಗಳ ನಡುವೆ ಮಲಗಿತ್ತು. ಆ ನಡುವೆ ಕಾಯಿ ನೋಡಲು ಬಂದ ವ್ಯಾಪಾರಿಯೊಬ್ಬ ಅಟ್ಟ ಹತ್ತಿ, ಕತ್ತಲಲ್ಲಿ ಕೈಯಾಡಿಸಿ, ಬೂಟೊಂದನ್ನು ಹಿಡಿದು ಏಣಿಯ ಬಾಯಿಗೆ ಬಂದ.

“ಇದ್ಯಾವುದು ಯಜಮಾನ್ರೇ, ಹೊಸ ತಳಿನಾ?”

ಅಡುಗೆಮನೆಯಿಂದ ಅತ್ತೆಯೇ ಉತ್ತರ ಕೊಟ್ಟರು. “ಹೂಂ ಕಣಪ್ಪ. ಈ ಸಲ ಲೇಸ್ ಸಮೇತ ಬುಟ್ಟೈತೆ.”

ಅಟ್ಟದಿಂದ ಇಳಿದ ಬೂಟನ್ನು ಮಾವ ಹಾಕಿಕೊಂಡರು. ಹೆಜ್ಜೆ ಇಟ್ಟರೆ ಕಾಲು ಮುಂದೆ, ಬೂಟು ಹಿಂದೆ. “ಬದಲಾಯಿಸಿ ಕೊಡ್ತಾರೆ ಮಾವ” ಎಂದೆ. “ಬ್ಯಾಡ ಬುಡ್ಲಾ. ಮಾಲು ನೋಡೋನು ಮಾಲಿಗೆ ಒಗ್ಗಬೇಕು” ಎಂದು, ಒಂದು ಹಿಡಿ ತೆಂಗಿನ ನಾರನ್ನು ಉಂಡೆ ಮಾಡಿ ಎರಡೂ ಬೂಟಿನ ತುದಿಗೆ ತುರುಕಿದರು. ಈಗ ಸರಿಯಾಗಿ ಕೂತಿತು. ಬೆಳಗಿನ ಆರಕ್ಕೆ ಪಂಚೆ ಎತ್ತಿ ಕಟ್ಟಿ ತೋಟದ ದಾರಿಯಲ್ಲಿ ಓಟ ಶುರು ಮಾಡಿದರು.

ನಮ್ಮ ಕಡೆ ಅರವತ್ತೆಂಟರ ಮನುಷ್ಯ ಸುಮ್ಮನೆ ಓಡುವುದಿಲ್ಲ. ಬೈಕಿನಲ್ಲಿ ಬಂದವನೊಬ್ಬ ನಿಲ್ಲಿಸಿ, “ಏನಾಯ್ತು ಯಜಮಾನ್ರೇ?” ಎಂದ. ಉತ್ತರಿಸಲು ಉಸಿರಿಲ್ಲದ ಮಾವ ಕೈಯನ್ನು ಮುಂದಕ್ಕೆ ಬೀಸಿದರು. ಅಷ್ಟು ಸಾಕಾಯಿತು. ಕೆರೆ ಏರಿ ತಲುಪುವ ಹೊತ್ತಿಗೆ ಅವರ ಹಿಂದೆ ಏಳು ಜನ ಓಡುತ್ತಿದ್ದರು. ಚಿರತೆ ಬಂದಿದೆ ಎಂದುಕೊಂಡವರ ಕೈಯಲ್ಲಿ ದೊಣ್ಣೆ, ಬಣವೆಗೆ ಬೆಂಕಿ ಬಿದ್ದಿದೆ ಎಂದುಕೊಂಡವನ ಕೈಯಲ್ಲಿ ತುಂಬಿದ ಬಿಂದಿಗೆ. ಮಾವ ನಿಂತರು. ಎಲ್ಲರೂ ನಿಂತರು.

“ಎಲ್ಲಿ?” ಎಂದ ದೊಣ್ಣೆಯವನು.

“ಏನೆಲ್ಲಿ?”

“ಚಿರತೆ.”

“ಯಾವ ಚಿರತೆ?”

“ಮತ್ತೆ ಯಾಕೆ ಓಡಿದ್ರಿ?”

“ಬೂಟು ನೋಡ್ತಿದ್ದೆ ಕಣ್ರಪ್ಪ.”

ಅಷ್ಟು ದೂರ ಹೊತ್ತು ತಂದ ನೀರನ್ನು ಸುಮ್ಮನೆ ಚೆಲ್ಲಲು ಮನಸ್ಸಾಗದೆ, ಬಿಂದಿಗೆಯವನು ಅದನ್ನು ಮಾವನ ಬೂಟಿನ ಮೇಲೆ ಸುರಿದು ಮನೆಗೆ ಹೋದ. ಆ ಸೋಮವಾರದ ವರದಿ: “ನೀರು ಒಳಕ್ಕೆ ಬರ್ತದೆ. ಆದ್ರೆ ಬೇಗ ಆರ್ತದೆ. ಬರ್ಕೋ.”

ಮೆತ್ತೆ ನಿಜವೋ ಸುಳ್ಳೋ ಎಂಬುದು ಮುಂದಿನ ಪ್ರಶ್ನೆ. ಕಾಯಿ ಕೀಳಲು ಆಳು ಬಂದ ದಿನ ಮಾವ ಬೂಟನ್ನು ಮರದ ಬುಡದಲ್ಲಿಟ್ಟು, ದೂರ ಸರಿದು, “ಗುರಿಯಿಟ್ಟು ಒಂದು ಹಾಕು ಕಣ್ಲಾ” ಎಂದು ಕೂಗಿದರು. ಮರದ ನೆತ್ತಿಯಿಂದ ಅವನು ಕೆಳಗೆ ನೋಡಿ, “ಕಾಲು ಒಳಗೈತಾ, ಆಚೆಗೈತಾ ಯಜಮಾನ್ರೇ?” ಎಂದು ಖಾತ್ರಿ ಮಾಡಿಕೊಂಡ. ನಾಲ್ಕನೆಯ ಕಾಯಿ ಸರಿಯಾಗಿ ಬಿತ್ತು. ಬೂಟಿಗೆ ಏನೂ ಆಗಲಿಲ್ಲ. ಕಾಯಿ ಪುಟಿದು ಬಾವಿಗೆ ಬಿತ್ತು. ಬಾವಿ ಎಂಟು ಗಜ ಆಚೆಗಿತ್ತು, ಅಳತೆ ನಾನೇ ಮಾಡಿದ್ದು. “ಮೆತ್ತೆ ಐತೆ. ಬರ್ಕೋ.”

ಆಮೇಲಿನ ವಾರಗಳಲ್ಲಿ ಮಾವ ಓಟ ಬಿಟ್ಟು ನಡಿಗೆ ಹಿಡಿದರು. ನೀರು ಬಿಟ್ಟ ತೋಟದ ಕೆಸರು, ಜಾಲಿ ಮುಳ್ಳು, ಅಮ್ಮಸಂದ್ರದ ಕಡೆಯ ಜಲ್ಲಿ ದಾರಿ, ಕಡೆಗೆ ಬಸ್ಸಿನಲ್ಲಿ ಹೋಗಿ ಕಂದಿಕೆರೆಯ ಗುಡ್ಡವೂ ಆಯಿತು. ಎರಡು ಸಲ ಹತ್ತಿಳಿದರಂತೆ. ಆ ಸೋಮವಾರದ ವರದಿ ಒಂದೇ ಸಾಲಿನದು: “ಇಳಿಯೋವಾಗ ಹಿಮ್ಮಡಿಗೆ ಏಟು ಬೀಳಲ್ಲ.” ಬರ್ಕೋ ಎನ್ನಲು ಮರೆತಿದ್ದರು.

ಕಾರ್ತಿಕದ ಕಡೇ ಸೋಮವಾರ ಬೆಳಗ್ಗೆ ನಾನು ಕಾರು ತೆಗೆದುಕೊಂಡು ಹೋದೆ. ಅತ್ತೆ ಕಂದಿಕೆರೆಗೆ ಬರಲು ಒಪ್ಪಿದ್ದರು, ಗುಡ್ಡ ಹತ್ತಲು ಅಲ್ಲ. “ನೀವು ಹಚ್ಚಿ ಬನ್ನಿ, ನಾನು ಕೆಳಗೆ ಕಾರಲ್ಲೇ ಕೈ ಮುಗಿತೀನಿ” ಎಂದು ಬತ್ತಿ, ಎಣ್ಣೆ ಚೀಲಕ್ಕೆ ತುಂಬುತ್ತಿದ್ದರು. ಮಾವ ಜಗಲಿಯ ಮೇಲೆ ಕೂತು ಬೂಟು ಎತ್ತಿಕೊಂಡರು. ಎಡಗಿವಿ. ಒಂದು, ಎರಡು, ಮೂರು. ಲೊಟಲೊಟ ಎಂದಿತು.

“ಆಯ್ತು. ಕೊಬ್ಬರಿ ಆಯ್ತು.”

“ಕಲ್ಲು ಸೇರ್ಕಂಡೈತೆ ಕಣ್ರೀ” ಎಂದರು ಅತ್ತೆ.

ಮಾವ ಬೂಟು ಬಗ್ಗಿಸಿ ಕಲ್ಲು ಬೀಳಿಸಿದರು. ಆಮೇಲೆ ಎರಡರ ತುದಿಯಿಂದಲೂ ನಾರಿನ ಉಂಡೆ ಎಳೆದು ಜೇಬಿಗೆ ಹಾಕಿಕೊಂಡು, ಬೂಟನ್ನು ಅತ್ತೆಯ ಮುಂದೆ ಜೋಡಿಸಿಟ್ಟರು.

“ನಂಗೆ ಸಾಕಾಯ್ತು ಕಣೇ ಇದು. ಹಳೇದಾಯ್ತು. ಹಾಕ್ಕತೀಯಾ, ಬಿಸಾಕ್ಲಾ?”

ಅತ್ತೆಯ ಕಾಲಿನ ಅಳತೆ ಎಂಟು. ಇದನ್ನು ನಾನು ಶ್ರಾವಣದಲ್ಲೇ ವಿಚಾರಿಸಿ ಬರೆದುಕೊಳ್ಳಬೇಕಿತ್ತು.

ಅತ್ತೆ ಬೂಟನ್ನು ಎತ್ತಿ ಅಟ್ಟೆ ನೋಡಿದರು. “ಬಿಸಾಕದ್ಯಾಕೆ, ಚೆನ್ನಾಗೈತಲ್ಲ” ಎಂದು ಕಾಲು ತೂರಿಸಿದರು. ಮಾವ ಕುಕ್ಕರಗಾಲಲ್ಲಿ ಕೂತು ಲೇಸು ಕಟ್ಟಿದರು. ಕೊಬ್ಬರಿ ಚೀಲದ ಬಾಯಿಗೆ ಹಾಕುವ ಗಂಟು.

“ಏಳರ ಕಾಲಿಗೆ ಎಂಟು ತಂದ್ರಿ ಅಂತ ಊರೆಲ್ಲಾ ನಗ್ತಿತ್ತು.”

“ನಗ್ಲಿ ಬುಡು.”

ಹನ್ನೊಂದೂ ಇಪ್ಪತ್ತಕ್ಕೆ ಗುಡ್ಡದ ನೆತ್ತಿಯಲ್ಲಿ ಅತ್ತೆ ಬೂಟನ್ನು ಬಂಡೆಯ ಪಕ್ಕ ಬಿಟ್ಟು, ಬಸವಣ್ಣನ ಮುಂದೆ ದೀಪ ಹಚ್ಚಿದರು. ಮಾವ ಹದಿನೈದು ನಿಮಿಷ ತಡವಾಗಿ ಬಂದರು. ಕಾಲಲ್ಲಿ ಹಳೇ ಹವಾಯಿ ಚಪ್ಪಲಿ. ಬಲಗಾಲಿನದರ ಬಾರು ದಾರಿಯಲ್ಲಿ ಕಿತ್ತಿತ್ತು, ತೆಂಗಿನ ನಾರಿನಿಂದ ಕಟ್ಟಿಕೊಂಡಿದ್ದರು.