ಎಂಜಿನ್ ಇಲ್ಲದ ಕಾರಿಗೆ ಎಂಥ ಸರ್ವೀಸು?

ನಾನು ಹೊಳೆನರಸೀಪುರದ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಹೇಳುತ್ತಿದ್ದವನು. ಯಾವ ವಿಷಯವನ್ನೇ ಆಗಲಿ ಮೂರು ವಾಕ್ಯದಲ್ಲಿ ಇತ್ಯರ್ಥ ಮಾಡಿ ಕೈತೊಳೆದುಕೊಳ್ಳುವುದು ನನ್ನ ವೃತ್ತಿಧರ್ಮ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದಾಗ ಬೆಂಗಳೂರಿನ ಪರಿಚಯದವರೊಬ್ಬರಿಂದ ಒಂದು ಹಳೆಯ ಎಲೆಕ್ಟ್ರಿಕ್ ಕಾರು ಕೊಂಡು ತಂದೆ. ಅದಕ್ಕೆ ಸರ್ವೀಸ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನೂ ಅದೇ ಕ್ರಮದಲ್ಲಿ ಇತ್ಯರ್ಥ ಮಾಡಿದೆ. ಎಂಜಿನ್ ಇರುವ ಗಾಡಿಗೆ ಸರ್ವೀಸ್ ಬೇಕು. ಈ ಗಾಡಿಗೆ ಎಂಜಿನ್ ಇಲ್ಲ. ಆದ್ದರಿಂದ ಈ ಗಾಡಿಗೆ ಸರ್ವೀಸ್ ಬೇಡ.

ಕಾರು ಪುಟ್ಟದು. ಮುಂದೆ ಇಬ್ಬರು ಕೂರಬಹುದು, ಹಿಂದೆ ಒಂದು ಚೀಲ ತರಕಾರಿ ಕೂರಬಹುದು. ಮನೆಯ ಪ್ಲಗ್ಗಿಗೆ ರಾತ್ರಿ ಸಿಕ್ಕಿಸಿದರೆ ಬೆಳಗ್ಗೆ ತಯಾರು. ನಮ್ಮ ಬೀದಿಯವರು ಅದಕ್ಕೆ ‘ಚಾರ್ಜ್ ಕಾರು’ ಎಂದು ನಾಮಕರಣ ಮಾಡಿದ್ದರು. ಪೆಟ್ರೋಲ್ ಬಂಕಿನ ಮುಂದೆ ಹೋಗುವಾಗ ನಾನು ಬೇಕೆಂದೇ ನಿಧಾನ ಮಾಡಿ, ಸಾಲಿನಲ್ಲಿ ನಿಂತವರನ್ನು ಕರುಣೆಯಿಂದ ನೋಡುತ್ತಿದ್ದೆ.

ಡೀಲರು ಇದ್ದದ್ದು ಮೈಸೂರಿನಲ್ಲಿ. ಅವರ ಕಡೆಯ ಮೆಕ್ಯಾನಿಕ್ ತಿಂಗಳಿಗೊಮ್ಮೆ ಹಾಸನಕ್ಕೆ ಬರುತ್ತಿದ್ದ. ಸರ್ವೀಸಿನ ದಿನ ಬಂತು ಎಂದು ಅವನು ಫೋನ್ ಮಾಡಿದಾಗ ನಾನು ಅಡ್ಡ ಸವಾಲು ಹಾಕಿದೆ.

“ಆಯಿಲ್ ಬದಲಾಯಿಸ್ತೀರಾ?”

“ಇದರಲ್ಲಿ ಆಯಿಲ್ ಬರಲ್ಲ ಸಾರ್.”

“ಮತ್ತೇನು ಮಾಡ್ತೀರಿ?”

“ಎಲ್ಲಾ ಚೆಕ್ ಮಾಡ್ತೀವಿ ಸಾರ್.”

“ಚೆಕ್ ಮಾಡೋದಕ್ಕೆ ದುಡ್ಡು ಯಾಕೆ? ನಾನೇ ಮಾಡ್ಕೋತೀನಿ” ಎಂದು ಫೋನಿಟ್ಟೆ. ಇಟ್ಟವನೇ ಹೊರಗೆ ಹೋಗಿ ನಾಲ್ಕು ಚಕ್ರವನ್ನೂ ಕಾಲಿನಿಂದ ಒದ್ದು, ಎರಡು ಬಾಗಿಲನ್ನೂ ತೆಗೆದು ಮುಚ್ಚಿ, ಹಾರ್ನ್ ಒತ್ತಿದೆ. ಎಲ್ಲಾ ಸರಿಯಾಗಿತ್ತು.

ನನ್ನ ಹೆಂಡತಿ ವತ್ಸಲಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮನೆಯ ಯುಪಿಎಸ್ ಬ್ಯಾಟರಿಗೆ ಅಂಗಡಿಯಿಂದ ನೀರಿನ ಕ್ಯಾನು ತಂದು ಹಾಕುವ ಕೆಲಸ ಅವಳದ್ದು. ಒಂದು ದಿನ ಹಾಗೆ ಹಾಕುತ್ತಾ ಕೇಳಿದಳು.

“ರೀ, ಕಾರಲ್ಲೂ ಬ್ಯಾಟರಿ ಇದೆಯಲ್ಲ. ಒಂದ್ಸಲ ಆ ಮೆಕ್ಯಾನಿಕ್‌ಗೆ ತೋರಿಸಬಾರದಾ?”

“ಅದು ಮನೆಯ ಬ್ಯಾಟರಿ, ಇದು ಕಾರಿನ ಬ್ಯಾಟರಿ. ಎರಡನ್ನೂ ಒಂದೇ ಅಂದುಕೊಳ್ಳೋದು ತರ್ಕದೋಷ.”

ಅವಳು ಮಾತು ಬೆಳೆಸಲಿಲ್ಲ. ನನ್ನ ಜೊತೆ ಸಂಸಾರ ಮಾಡಿದವರಿಗೆ ಆ ಅಭ್ಯಾಸ ತಾನಾಗಿಯೇ ಬಂದುಬಿಡುತ್ತದೆ.

ಹಾಗೆಂದು ನಾನು ಕಾರನ್ನು ಅನಾಥವಾಗಿ ಬಿಟ್ಟಿದ್ದೆ ಎಂದು ಯಾರೂ ತಿಳಿಯಬಾರದು. ಪ್ರತಿ ಭಾನುವಾರ ಬಕೆಟ್ಟು ಬಕೆಟ್ಟು ನೀರು ಹುಯ್ದು ಮೈ ತೊಳೆಯುತ್ತಿದ್ದೆ. ಆಯುಧಪೂಜೆ ಬಂದಾಗಲಂತೂ ಅದಕ್ಕೆ ಅಭಿಷೇಕವೇ ಆಯಿತು. ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟೆವು. ಪೂಜೆ ಮಾಡಿಸಿದ ನಮ್ಮ ಭಾವ “ಈಗ ಗಾಡಿ ಸ್ಟಾರ್ಟ್ ಮಾಡು” ಎಂದರು. “ಆಗಿದೆ” ಎಂದೆ. “ಎಲ್ಲಿ ಆಗಿದೆ? ಶಬ್ದವೇ ಇಲ್ಲ” ಎಂದರು. ಅವರಿಗೆ ಸಾಬೀತು ಮಾಡಲು ಪೆಡಲ್ ಒತ್ತಿದೆ. ಕಾರು ನಿಂಬೆಹಣ್ಣನ್ನೂ, ಅದರ ಪಕ್ಕದಲ್ಲಿದ್ದ ಪಂಚಪಾತ್ರೆಯನ್ನೂ ಒಟ್ಟಿಗೆ ಚಪ್ಪಟೆ ಮಾಡಿತು. ಭಾವ ಜಗಲಿ ಹತ್ತಿ ನಿಂತು ಉಳಿದ ಮಂತ್ರ ಹೇಳಿ ಮುಗಿಸಿದರು. “ಇದೇ ನಮ್ಮ ವಾರ್ಷಿಕ ಸರ್ವೀಸು” ಎಂದು ನಾನು ಘೋಷಿಸಿದೆ.

ಅದಾದ ಕೆಲವು ತಿಂಗಳಿಗೆ ವತ್ಸಲಾಗೆ ಬಡ್ತಿಯ ಆದೇಶ ಬಂತು. ಹಾಸನದ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿ. ಈ ಬಡ್ತಿಗಾಗಿ ಅವಳು ಎಷ್ಟು ವರ್ಷ ಕಾದಿದ್ದಳೆಂದರೆ, ಅವಳ ಶಿಷ್ಯೆಯರೇ ಈಗ ಟೀಚರುಗಳಾಗಿದ್ದರು. ಏನೇನೋ ಕಾರಣಕ್ಕೆ ತಡವಾಗಿ, ವರದಿ ಮಾಡಿಕೊಳ್ಳಲು ಉಳಿದದ್ದು ಕೊನೆಯ ದಿನ. ಅಂದು ಮಧ್ಯಾಹ್ನದೊಳಗೆ ಹೋಗದಿದ್ದರೆ ಜಾಗ ಸರತಿಯಲ್ಲಿದ್ದ ಇನ್ನೊಬ್ಬರ ಪಾಲಾಗುವುದು ಖಂಡಿತ. ಅವಳು ಒಂಬತ್ತೂವರೆಯ ಬಸ್ಸು ಹಿಡಿಯುತ್ತೇನೆಂದಳು.

“ಹೆಡ್‌ಮಿಸ್ಟ್ರೆಸ್ ಬಸ್ಸಲ್ಲಿ ನೇತಾಡಿಕೊಂಡು ಹೋಗೋದಾ? ಕಾರು ಯಾಕಿದೆ?” ಎಂದೆ.

“ಮೊನ್ನೆ ಹಳ್ಳಿಮೈಸೂರಿಂದ ಬರೋವಾಗ ತೆವಳ್ತಿತ್ತು ಅಂದ್ರಲ್ಲ.”

“ಆವತ್ತು ಎದುರುಗಾಳಿ ಇತ್ತು.”

ಅವಳು ಮದುವೆಯ ವರ್ಷದ ಮೈಸೂರು ರೇಷ್ಮೆ ಸೀರೆ ಉಟ್ಟು, ದೇವರಿಗೆ ಎರಡು ಸಲ ಕೈಮುಗಿದು ಕಾರು ಹತ್ತಿದಳು. ಒಂದು ನಮಸ್ಕಾರ ಬಡ್ತಿಗೆ. ಇನ್ನೊಂದು ಯಾವುದಕ್ಕೆಂದು ನಾನು ಕೇಳಲಿಲ್ಲ.

ಅರ್ಧ ದಾರಿ ಚೆನ್ನಾಗಿಯೇ ಹೋದೆವು. ಆಮೇಲೆ ಚಾರ್ಜಿನ ಮುಳ್ಳು ಇಳಿಯತೊಡಗಿತು. ಇಳಿಯುವುದು ಮುಳ್ಳಿನ ಸ್ವಭಾವ ಎಂದು ಸಮಾಧಾನ ಹೇಳಿದೆ. ಮೊದಲು ಸೈಕಲ್ಲುಗಳು ನಮ್ಮನ್ನು ದಾಟಿದವು. ಆಮೇಲೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ದಾಟಿದಳು. ಮೊಸಳೆ ಎಂಬ ಊರಿನ ಹತ್ತಿರ ಬಂದಾಗ ಕಾರು ಒಂದು ಗೌರವಾನ್ವಿತ ಮೌನವನ್ನು ತಾಳಿ ನಿಂತೇಬಿಟ್ಟಿತು. ಅದು ಓಡುವಾಗಲೂ ಮೌನವಾಗಿಯೇ ಇರುತ್ತಿದ್ದುದರಿಂದ, ನಿಂತಿದೆಯೆಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ಇಳಿದು ತಳ್ಳೋಣವಾ?” ವತ್ಸಲಾಳೇ ಕೇಳಿದಳು. ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಭಾವಿ ಮುಖ್ಯೋಪಾಧ್ಯಾಯಿನಿ ಕಾರು ತಳ್ಳಿದಳು. ನಾನು ಕಿಟಕಿಯಿಂದ ಕೈಹಾಕಿ ಸ್ಟೇರಿಂಗ್ ಹಿಡಿದು ಮಾರ್ಗದರ್ಶನ ಮಾಡಿದೆ. ರಸ್ತೆಬದಿಯ ಮನೆಯ ಜಗಲಿಯಲ್ಲಿ ಕೂತಿದ್ದ ಗೌಡರೊಬ್ಬರು ಎದ್ದು ಬಂದು ಕೈಜೋಡಿಸಿದರು. ಕಾರು ಅವರ ಅಂಗಳ ಸೇರಿತು.

“ಕಾದೋಗೈತೆ ಅಂತ ಕಾಣ್ತದೆ ಸಾ” ಎಂದವರೇ, ನಾನು ತಡೆಯುವುದರೊಳಗೆ ಒಂದು ಕೊಡ ನೀರು ತಂದು ಬಾನೆಟ್ಟಿನ ಮೇಲೆ ಹುಯ್ದರು. ಕಾರಿಗೆ ಭಾನುವಾರ ಬಂತೆನಿಸಿರಬೇಕು.

“ಕಾದಿಲ್ಲ ಗೌಡರೇ. ಚಾರ್ಜ್ ಮುಗಿದಿದೆ. ಒಂದು ಪ್ಲಗ್ ಕೊಟ್ಟರೆ ಸಾಕು.”

“ಪ್ಲಗ್ ಕೊಡ್ತೀನಿ ಸಾ. ಕರೆಂಟ್ ಎಲ್ಲಿಂದ ತರ್ಲಿ? ಈಗ್ತಾನೆ ಓಯ್ತು. ಇನ್ನು ಮದ್ಯಾನದ ಮ್ಯಾಲೆ ಬತ್ತದೆ.”

ವತ್ಸಲಾ ಗಡಿಯಾರ ನೋಡಿಕೊಂಡಳು. ಅವಳ ಮುಖ ಸಣ್ಣಗಾಗಿತ್ತು. ಅವಳು ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. ಬೈಯಲಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅವಳು ಇಷ್ಟು ವರ್ಷ ಕಾದದ್ದು ನನ್ನ ಮೂರು ವಾಕ್ಯಕ್ಕೆ ಬಲಿಯಾಗುವುದರಲ್ಲಿತ್ತು.

ಅಷ್ಟರಲ್ಲಿ ದೂರದಲ್ಲಿ ಧೂಳೆಬ್ಬಿಸುತ್ತಾ ಒಂದು ಬಸ್ಸು ಬಂತು. ಗೌಡರು ರಸ್ತೆಗೆ ಓಡಿ ಎರಡೂ ಕೈ ಅಡ್ಡ ಹಿಡಿದರು. ಅದು ಹೊಳೆನರಸೀಪುರದ ಒಂಬತ್ತೂವರೆಯ ಬಸ್ಸೇ. ಕಾಲಿಡಲು ಜಾಗವಿರಲಿಲ್ಲ. ವತ್ಸಲಾ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದಳು.

“ಸಂಜೆ ಬರ್ತೀನಿ. ನೀವು ಇಲ್ಲೇ ಇರ್ತೀರಲ್ಲ.”

ಹೆಡ್‌ಮಿಸ್ಟ್ರೆಸ್ ನೇತಾಡಿಕೊಂಡೇ ಹೋದಳು.

ನಾನು ಇಡೀ ದಿನ ಗೌಡರ ಜಗಲಿಯ ಮೇಲೆ ಕೂತಿದ್ದೆ. ಗೌಡರು ಮುದ್ದೆ, ಸೊಪ್ಪಿನ ಸಾರು ಊಟಕ್ಕಿಟ್ಟರು. “ಬ್ಯಾಸರ ಆದ್ರೆ ಗುಡಿ ನೋಡ್ಕಂಬನ್ನಿ ಸಾ, ಎಲ್ಡವೆ” ಎಂದರು. ನಾನು ಹೋಗಲಿಲ್ಲ. ಮಧ್ಯಾಹ್ನದ ಮೇಲೆ ಕರೆಂಟ್ ಬಂದಾಗ ಪ್ಲಗ್ ಸಿಕ್ಕಿಸಿದೆ; ಚಾರ್ಜಿನ ಮುಳ್ಳು ಅಲುಗಲಿಲ್ಲ. ನನ್ನ ಮೂರು ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಕೊಂಡೆ. ಅವು ನಾನು ತರಗತಿಯಲ್ಲಿ ತಪ್ಪು ತರ್ಕಕ್ಕೆ ಕೊಡುತ್ತಿದ್ದ ಉದಾಹರಣೆಯ ಅಚ್ಚಿನಲ್ಲೇ ಇದ್ದವು: ಮಳೆ ಬಂದರೆ ನೆಲ ಒದ್ದೆ, ಮಳೆ ಬಂದಿಲ್ಲ, ಆದ್ದರಿಂದ ನೆಲ ಒದ್ದೆಯಿಲ್ಲ. ಈ ತಪ್ಪಿಗೆ ನಾನು ಪ್ರತಿ ವರ್ಷ ಮಕ್ಕಳ ಅಂಕ ಕಳೆಯುತ್ತಿದ್ದೆ. ಗೌಡರ ಅಂಗಳದ ನೆಲವಂತೂ ಮಳೆಯಿಲ್ಲದೆಯೇ ಒದ್ದೆಯಾಗಿತ್ತು.

ಸಂಜೆ ವತ್ಸಲಾ ಬಸ್ಸಿಳಿದಳು. ಮುಡಿಯಲ್ಲಿ ಯಾರೋ ಮುಡಿಸಿದ ಮಲ್ಲಿಗೆ, ಕೈಯಲ್ಲಿ ಒಂದು ಸ್ವೀಟಿನ ಪೊಟ್ಟಣ. ಕೆಲಸಕ್ಕೆ ವರದಿಯಾಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಅವಳು ಪೊಟ್ಟಣವನ್ನು ಗೌಡರಿಗೆ ಕೊಟ್ಟಳು. ಜೊತೆಗೆ, ಆ ತಿಂಗಳ ಭೇಟಿಗೆ ಅಂದೇ ಹಾಸನಕ್ಕೆ ಬಂದಿದ್ದ ಆ ಮೆಕ್ಯಾನಿಕ್‌ನನ್ನೂ ಕರೆತಂದಿದ್ದಳು.

ಅವನು ಕಾರಿನ ಸೀಟು ಎತ್ತಿ ಒಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

“ಸಾರ್, ಇದಕ್ಕೆ ನೀರು ಹಾಕಿ ಎಷ್ಟು ದಿನ ಆಯ್ತು?”

“ಪ್ರತಿ ಭಾನುವಾರ ಹಾಕ್ತೀನಿ” ಎಂದೆ, ಎದೆ ಸೆಟೆಸಿ.

“ಒಳಗೆ ಸಾರ್. ಬ್ಯಾಟರಿಗೆ.”

ಗೌಡರು ಕೊಡದ ಕಡೆ ನೋಡಿದರು. ವತ್ಸಲಾ ಬ್ಯಾಗಿನಿಂದ ಒಂದು ಕ್ಯಾನು ತೆಗೆದಳು. ಯುಪಿಎಸ್‌ಗೆ ಹಾಕುವಂಥದ್ದೇ ಕ್ಯಾನು. ಕಾರು ಅದನ್ನು ಗಟಗಟ ಕುಡಿದು, ಇನ್ನೂ ಎರಡು ಬೇಕೆಂದಿತು. ಆದರೂ ಮೂರು ಬ್ಯಾಟರಿ ಅಷ್ಟರಲ್ಲಾಗಲೇ ಒಣಗಿ ಕೈಲಾಸ ಸೇರಿದ್ದವು. ಇಷ್ಟು ದಿನ ಮೈಗೆಲ್ಲ ನೀರು ಹುಯ್ದವನು ಬಾಯಿಗೆ ಒಂದು ಹನಿ ಬಿಟ್ಟಿರಲಿಲ್ಲ.

ಬ್ಯಾಟರಿ ಹೊಸದಾಯಿತು. ಈಗ ಕಾರು ಹಾಸನಕ್ಕೆ ಹೋಗಿ ಬರುವಷ್ಟು ಗಟ್ಟಿಯಾಗಿದೆ. ಆದರೆ ಮುಖ್ಯೋಪಾಧ್ಯಾಯಿನಿಯವರು ಬಸ್ ಪಾಸ್ ಮಾಡಿಸಿಕೊಂಡಿದ್ದಾರೆ. ನಾನು ದಿನವೂ ಅವರನ್ನು ಕಾರಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತೇನೆ. ಅಲ್ಲಿ ಯಾರಾದರೂ ಕಾರು ನೋಡಿ, ಇಂಥದ್ದಕ್ಕೂ ಡೀಲರ್ ಸರ್ವೀಸ್ ಬೇಕಾಗುತ್ತದಾ ಎಂದು ಕೇಳುವುದುಂಟು. ನಾನು ಬಾಯಿ ತೆರೆಯುವ ಮೊದಲೇ ವತ್ಸಲಾ ಉತ್ತರ ಹೇಳಿರುತ್ತಾಳೆ.

“ಕಾರಿಗೆ ಆರು ತಿಂಗಳಿಗೊಂದು ಸಲ ಆದ್ರೆ ಸಾಕು. ಇವರಿಗೆ ದಿನಾ ಬೇಕಾಗುತ್ತೆ.”