ಮನೆಯಷ್ಟು ಉದ್ದದ ವಯರು

ಇವತ್ತು ಬೆಳಗ್ಗೆ ಎದ್ದು ಅಂಗಳ ಗುಡಿಸಿದೆ. ಬಚ್ಚಲೊಲೆಗೆ ಬೆಂಕಿ ಮಾಡಿದೆ. ನೀರುದೋಸೆ ಹೊಯ್ದೆ, ಭಾನುವಾರವಲ್ಲವೇ, ಎಲ್ಲರೂ ಒಂದೆರಡು ಹೆಚ್ಚೇ ತಿಂದರು. ದನಕ್ಕೆ ಅಕ್ಕಚ್ಚು ಇಟ್ಟೆ. ಚಪ್ಪರದಿಂದ ಬಸಳೆ ಕೊಯ್ದೆ. ಒಗೆದ ಬಟ್ಟೆ ಹರವಿದೆ, ಮೋಡ ಕಂಡು ಒಳಗೆ ತಂದೆ, ಬಿಸಿಲು ಕಂಡು ಮತ್ತೆ ಹರವಿದೆ. ಆಮೇಲೆ ಮಧ್ಯಾಹ್ನದವರೆಗೆ ಏಣಿ ಹಿಡಿದುಕೊಂಡು ನಿಂತೆ. ಏಣಿಯ ಮೇಲೆ ನನ್ನ ಯಜಮಾನರು, ಯಜಮಾನರ ಕೈಯಲ್ಲಿ ವಯರು, ಆ ವಯರಿನ ಇನ್ನೊಂದು ತುದಿಯನ್ನು ಬಿಡುವುದೇ ಇಲ್ಲವೆಂದು ಹಿಡಿದು ಕೂತ ನನ್ನ ಮಾವ!

ಟಿವಿಯ ಬಗ್ಗೆ ನನ್ನ ಮಾವನಷ್ಟು ಯೋಚನೆ ಮಾಡಿದವರು ಇಡೀ ಸಿದ್ಧಕಟ್ಟೆಯಲ್ಲಿ ಇನ್ನೊಬ್ಬರಿಲ್ಲ. ಹಾಗೆಯೇ ಅವರಷ್ಟು ಕಡಿಮೆ ಟಿವಿ ನೋಡಿದವರೂ ಇಲ್ಲ. ಟಿವಿ ಹಾಕಿದ ಕೂಡಲೇ ಅವರಿಗೆ ನಿದ್ದೆ ಬರುತ್ತದೆ. ಹಾಗಾದರೆ ಇಷ್ಟೆಲ್ಲ ಯೋಚನೆ ಯಾಕೆ ಎಂದು ನೀವು ಕೇಳಬಹುದು. ಇವತ್ತಿನವರೆಗೆ ನಾನೂ ಅದನ್ನೇ ಕೇಳುತ್ತಿದ್ದೆ.

ಮಾವ ಬಂಟ್ವಾಳ–ಮೂಡುಬಿದಿರೆ ದಾರಿಯಲ್ಲಿ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟು ವರ್ಷಗಳಾದವು. ಆದರೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ "ಎದುರು ಹೋಗಿ, ಎದುರು ಜಾಗ ಉಂಟು" ಎಂದು ಜನರನ್ನು ಕೂರಿಸುತ್ತಾರೆ. ಅತ್ತೆ ಜಗಲಿಯಿಂದ ಇಳಿಯುವಾಗ "ಎಡಗಾಲು ಮೊದಲು!" ಎನ್ನುತ್ತಾರೆ. ಸಂಜೆ ದನವನ್ನು ಹಟ್ಟಿಗೆ ಕಟ್ಟಿ, ಬಾಗಿಲಿಗೆ ಎರಡು ಪೆಟ್ಟು ಹಾಕಿ, "ರೈಟ್ ಪೋಯಿ!" ಎಂದು ಕೂಗುತ್ತಾರೆ. ಪಾಪ, ದನ ಎಲ್ಲಿಗೆ ಹೋಗಬೇಕು?

ನಮ್ಮ ಹಳೆಯ ಟಿವಿಗೆ ಕೊನೆಗಾಲದಲ್ಲಿ ಬಣ್ಣಗಳೆಲ್ಲ ಹೋಗಿ ಹಸಿರು ಮಾತ್ರ ಉಳಿದಿತ್ತು. ವಾರ್ತೆ ಓದುವವರೂ ಬಸಳೆ ಸೊಪ್ಪಿನ ಹಾಗೆ ಕಾಣುತ್ತಿದ್ದರು. ರಜೆಯಲ್ಲಿ ಬಂದಿದ್ದ ದುಬಾಯಿಯ ಮೈದುನ ಅದನ್ನು ನೋಡಿ, "ಅಪ್ಪ, ಇದನ್ನು ಇನ್ನು ಬಿಡುವ. ಹೊಸತು ತೆಗೊಳ್ಳಿ, ಜೊತೆಗೆ ಸರೌಂಡ್ ಸೌಂಡೂ ಇರಲಿ. ಆರಿಸುವುದು ನಿಮ್ಮ ಕೆಲಸ" ಎಂದು ಹೇಳಿ ವಿಮಾನ ಹತ್ತಿದ.

ನನಗೆ ಇದರಲ್ಲಿ ಒಂದೇ ಒಂದು ಆಸೆ ಇತ್ತು. ನಮ್ಮ ಟಿವಿ ಇರುವುದು ಚಾವಡಿಯಲ್ಲಿ. ಅಡುಗೆಮನೆ ಹಿಂದೆ, ಎರಡು ಮೆಟ್ಟಿಲು ಕೆಳಗೆ. ನಡುವೆ ದಪ್ಪ ಮಣ್ಣಿನ ಗೋಡೆ. ಸಂಜೆಯ ಧಾರಾವಾಹಿ ಶುರುವಾಗುವುದು ಸರಿಯಾಗಿ ನಾನು ತೆಂಗಿನಕಾಯಿ ಅರೆಯುವ ಹೊತ್ತಿಗೆ. ಚಾವಡಿಯಲ್ಲಿ ಎಲ್ಲರೂ ನಕ್ಕದ್ದು ಕೇಳಿ, ಸೌಟು ಹಿಡಿದುಕೊಂಡೇ ಓಡಿ ಬಾಗಿಲಲ್ಲಿ ನಿಂತು "ಏನಾಯ್ತು?" ಎಂದು ಕೇಳುತ್ತೇನೆ. ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂದಿರುತ್ತದೆ. ಅತ್ತೆ ಪರದೆಯಿಂದ ಕಣ್ಣು ಕೀಳದೆ, "ಅದು ಆಗ್ಲೇ ಆಯ್ತಲ್ಲ ಮಾರಾಯ್ತಿ" ಎನ್ನುತ್ತಾರೆ. ಮದುವೆಯಾಗಿ ಬಂದಂದಿನಿಂದ ನಾನು ನೋಡಿದ ಧಾರಾವಾಹಿಗಳೆಲ್ಲ "ಏನಾಯ್ತು"ಗಳು, "ಆಗ್ಲೇ ಆಯ್ತು"ಗಳು. ಒಮ್ಮೆ ಒಂದು ಧಾರಾವಾಹಿಯ ಒಳ್ಳೆಯ ಡಾಕ್ಟರು ಕಾಣುವುದಿಲ್ಲವಲ್ಲ, ಎಲ್ಲಿಗೆ ಹೋದರು ಎಂದು ಕೇಳಿದೆ. "ಅವ ಸತ್ತು ಬೊಜ್ಜದ ಊಟವೂ ಮುಗಿಯಿತು" ಎಂದರು ಅತ್ತೆ. ನನ್ನ ಮಟ್ಟಿಗೆ ಆತ ಹಿಂದಿನ ದಿನವಷ್ಟೇ ಕಾಫಿ ಕುಡಿಯುತ್ತಿದ್ದ!

ಅದಕ್ಕೇ ಅಂಗಡಿಗೆ ಹೊರಡುವ ಮೊದಲೇ ಹೇಳಿದೆ. "ಮಾವ, ಹೊಸ ಟಿವಿಯನ್ನು ಅಡುಗೆಮನೆ ಬಾಗಿಲಿಂದ ಕಾಣುವ ಹಾಗೆ ಇಡುವ."

ಮಾವ ಚಾವಡಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಅಲ್ಲಿ ಇಟ್ರೆ ದೇವರ ಕೋಣೆಯ ಬಾಗಿಲಿಗೆ ಅಡ್ಡ ಆಗ್ತದೆ ಮಗಾ. ನೋಡುವ."

ಮಾವನ "ನೋಡುವ" ಎಂದರೆ ಆಗುವುದಿಲ್ಲ ಎಂದೇ ಅರ್ಥ. ನಾನು ಸೆರಗು ಸರಿಮಾಡಿಕೊಂಡು ಅವರ ಹಿಂದೆ ಬಸ್ಸು ಹತ್ತಿದೆ. ನನ್ನನ್ನು ಯಾಕೆ ಕರೆದುಕೊಂಡು ಹೋದರೋ, ಆಗ ತಿಳಿಯಲಿಲ್ಲ.

ಮೊದಲ ಅಂಗಡಿ ಬಂಟ್ವಾಳದಲ್ಲಿ. ಅಂಗಡಿಯ ಸಾಹೇಬರು ಮಾವನ ಬಸ್ಸಿನಲ್ಲಿ ಶಾಲೆಗೆ ಹೋದವರು. "ಬನ್ನಿ ಕಂಡಕ್ಟ್ರೇ, ಕೂತ್ಕೊಳ್ಳಿ" ಎಂದು ಉಪಚಾರ ಮಾಡಿ, ದೊಡ್ಡದೊಂದು ಟಿವಿ ಹಾಕಿ ತೋರಿಸಿದರು. ಜಲಪಾತ, ಹೂವು, ಹೂವಿನ ಮೇಲೆ ಚಿಟ್ಟೆ! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಇನ್ನು ಬಂದ್ ಮಾಡಿ" ಎಂದರು ಮಾವ.

"ಯಾಕೆ, ಕಲರ್ ಚಂದ ಇಲ್ವಾ?"

"ಉಂಟು. ಆದರೆ ನಮ್ಮಲ್ಲಿ ಕರೆಂಟು ಇರುವುದು ಯಾವಾಗ ಸಾಹೇಬ್ರೇ? ದಿನದ ಹೆಚ್ಚು ಹೊತ್ತು ನಾವು ಇದನ್ನು ಬಂದ್ ಆದ ಹಾಗೇ ನೋಡ್ಬೇಕಲ್ಲ. ಅದು ಹೇಗೆ ಕಾಣ್ತದೆ ಅಂತ ತೋರಿಸಿ."

ಸಾಹೇಬರು ಬಂದ್ ಮಾಡಿದರು. ಮಾವ ಕಪ್ಪು ಗಾಜಿನ ಎದುರು ಕೂತು, ಎಡಕ್ಕೆ ಬಾಗಿ, ಬಲಕ್ಕೆ ಬಾಗಿ, ಕೊನೆಗೆ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. "ಪರವಾಗಿಲ್ಲ. ಮುಖ ಸ್ವಲ್ಪ ಅಗಲ ಕಾಣ್ತದೆ."

"ಕನ್ನಡಿ ಬೇಕಾದ್ರೆ ಪಕ್ಕದಲ್ಲೇ ಅಂಗಡಿ ಉಂಟು ಕಂಡಕ್ಟ್ರೇ" ಎಂದರು ಸಾಹೇಬರು, ನಗದೆ.

ಎರಡನೆಯ ಅಂಗಡಿ ಮೂಡುಬಿದಿರೆಯಲ್ಲಿ. ಅಲ್ಲಿ ಮಾವ ಅಂಗಡಿಯ ಕುರ್ಚಿಗಳನ್ನೆಲ್ಲ ಒಂದರ ಹಿಂದೆ ಒಂದು ಬಸ್ಸಿನ ಸೀಟಿನಂತೆ ಇಡಿಸಿದರು. ಡ್ರೈವರನ ಹಿಂದಿನ ಸೀಟಿನಿಂದ ನೋಡಿದರು, ಕಿಟಕಿ ಸೀಟಿನಿಂದ ನೋಡಿದರು. ಎಲ್ಲದಕ್ಕಿಂತ ಹಿಂದಿನ ಸೀಟಿನಲ್ಲಿ ಕೂತಾಗಲಂತೂ ಅಭ್ಯಾಸಬಲದಿಂದ ಸ್ವಲ್ಪ ಕುಲುಕಿದರು ಕೂಡ! ಫ್ಯಾನು ಕೊಳ್ಳಲು ಬಂದಿದ್ದ ದಂಪತಿ ಫ್ಯಾನು ಮರೆತು ನಮ್ಮನ್ನೇ ನೋಡುತ್ತಿದ್ದರು. ನಾನು ನೆಲ ನೋಡಿದೆ.

"ಮಗಾ, ನೀನು ಆ ಫ್ರಿಜ್ಜಿನ ಹಿಂದೆ ಹೋಗಿ ನಿಲ್ಲು."

"ಫ್ರಿಜ್ಜಿನ ಹಿಂದೆಯಾ?"

"ಹ್ಞಾಂ. ಟಿವಿ ಕಾಣ್ತದಾ?"

"ಇಲ್ಲ ಮಾವ. ಫ್ರಿಜ್ಜಿನ ಬೆನ್ನು ಕಾಣ್ತದೆ."

"ಕೇಳ್ತದಾ?"

"ಸ್ವಲ್ಪ ಸ್ವಲ್ಪ."

"ಈಗ ಅವ ಎಂತ ಹೇಳಿದ?"

"ಸರಿ ಗೊತ್ತಾಗ್ಲಿಲ್ಲ. ನಾಳೆ ಬರ್ತೇನೆ ಅಂದ, ಇಲ್ಲಾ ನಾಳೆ ಬರುವುದಿಲ್ಲ ಅಂದ."

ಮಾವ ತಲೆಯಾಡಿಸಿದರು. "ಹೀಗಾದ್ರೆ ಆಗ್ಲಿಕ್ಕಿಲ್ಲ. ಹೋಗುವ." ಫ್ರಿಜ್ಜಿನ ಹಿಂದೆ ಕೂತು ಟಿವಿ ನೋಡುವ ಮನೆ ಯಾವುದಪ್ಪ ಎಂಬಂತೆ ಅಂಗಡಿಯವರು ನಮ್ಮನ್ನು ಕಳುಹಿಸಿಕೊಟ್ಟರು. ನಾನು ನಾಚಿಕೆಯಿಂದ ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತ ಕೂತೆ.

ಮೂರನೆಯದು ಬೆಳ್ತಂಗಡಿಯಲ್ಲಿ. ಅಲ್ಲಿ ಸರೌಂಡ್ ಸೌಂಡಿಗೆಂದೇ ಒಂದು ಕತ್ತಲೆ ಕೋಣೆ ಇತ್ತು. ನಮ್ಮನ್ನು ನಡುವೆ ಕೂರಿಸಿ, ಹೆಲಿಕಾಪ್ಟರ್ ಬರುವ ಸಿನಿಮಾ ಹಾಕಿದರು. ಅದು ಎದುರಿನಿಂದ ಬಂತು, ಎಡಕ್ಕೆ ತಿರುಗಿತು, ನಮ್ಮ ಬೆನ್ನ ಹಿಂದೆ ಹೋಯಿತು. ಮಾವ ಕುರ್ಚಿಯಿಂದ ಎದ್ದು "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದ್ದೇ, ಹೊರಗಿನ ರಸ್ತೆಯಲ್ಲಿ ಒಂದು ಆಟೋ ನಿಂತಿತು.

ಬೆವರು ಒರೆಸಿಕೊಂಡ ಮೇಲೆ ಮಾವ ಪ್ರಶ್ನೆ ಕೇಳಲು ಶುರು ಮಾಡಿದರು. ಯಾವ ಸ್ಪೀಕರ್ ಡಬ್ಬಿಯಲ್ಲಿ ಎಂತ ಬರುತ್ತದೆ? ಅಂಗಡಿಯವರು ತಾಳ್ಮೆಯಿಂದ ಹೇಳಿದರು: ಎದುರಿನ ಎರಡರಲ್ಲಿ ಹಾಡು, ಹಿಂದಿನ ಎರಡರಲ್ಲಿ ಮಳೆ, ಹಕ್ಕಿ, ಹೆಜ್ಜೆಯ ಶಬ್ದ, ನೆಲದ ಮೇಲಿನ ದೊಡ್ಡದರಲ್ಲಿ ಗುಡುಗು, ನಡುವಿನ ಈ ಉದ್ದದ್ದರಲ್ಲಿ ಜನ ಮಾತಾಡುವುದು.

"ಅಂದ್ರೆ ಮಾತೆಲ್ಲ ಇದೊಂದರಲ್ಲೇ?"

"ಹೆಚ್ಚಾಗಿ ಹಾಗೇ."

ಮಾವ ಆ ಉದ್ದ ಡಬ್ಬಿಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆನ್ನು ತಟ್ಟಿ ಕೆಳಗಿಟ್ಟರು. "ಇದೇ ಇರಲಿ. ಆದರೆ ವಯರು ಉದ್ದದ್ದು ಬೇಕು."

"ಎಷ್ಟು ಉದ್ದ?"

"ಮನೆಯಷ್ಟು."

ಹಾಗೆ ಚಪ್ಪಟೆ ಗಾಜಿನ ದೊಡ್ಡ ಟಿವಿ, ಡಬ್ಬಿಗಳು, ಮನೆಯಷ್ಟು ವಯರು ಪಿಕಪ್ಪಿನಲ್ಲಿ ನಮ್ಮಲ್ಲಿಗೆ ಬಂದವು. ಯಜಮಾನರು ಕೆಲಸದಿಂದ ಬರುವ ಮೊದಲೇ ಮಾವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಎಲ್ಲದಕ್ಕೂ ಜಾಗ ಕೊಟ್ಟಿದ್ದರು. ಹಾಡಿನ ಡಬ್ಬಿಗಳು ಚಾವಡಿಗೆ. ಹಕ್ಕಿಯ ಡಬ್ಬಿ ಒಂದು ಜಗಲಿಗೆ, ಒಂದು ಮಾಳಿಗೆಗೆ. ಗುಡುಗಿನ ಡಬ್ಬಿ ಬಚ್ಚಲಿನ ಪಕ್ಕಕ್ಕೆ. ಮಾತಿನ ಡಬ್ಬಿ ಅಡುಗೆಮನೆಯ ಗೋಡೆಗೆ, ನನ್ನ ಕಡೆಯುವ ಕಲ್ಲಿನ ಮೇಲ್ಗಡೆ. ಟಿವಿಯ ಸ್ವಂತ ಧ್ವನಿಯನ್ನು ಪೂರ್ತಿ ಬಂದ್ ಮಾಡಿಸಿದ್ದರು. "ಇಷ್ಟು ಡಬ್ಬಿ ತಂದ ಮೇಲೆ ಅದೂ ಯಾಕೆ ಬಾಯಿ ಹಾಕಬೇಕು?"

ಆ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಗೆ ಹೇಳಲಿ! ಕಾಯಿ ಕೇಳಲು ಬಂದ ನೆರೆಮನೆಯವರು ಜಗಲಿಯಲ್ಲಿ ಕೂತಿದ್ದಾಗ ಬೆನ್ನ ಹಿಂದೆ ಯಾರೋ ನಡೆದು ಬಂದಂತಾಗಿ ತಿರುಗಿ ನೋಡಿದರು, ಯಾರೂ ಇಲ್ಲ. ಮತ್ತೆ ನಡೆದಂತಾಯಿತು. ಕಾಯಿ ಬಿಟ್ಟು ಹೋದವರು ಇನ್ನೂ ಬಂದಿಲ್ಲ. ಅತ್ತೆ ಮೀಯುತ್ತಿದ್ದಾಗ ಧಾರಾವಾಹಿಯಲ್ಲಿ ಗುಡುಗಿತು. ಹಂಡೆಯೇ ಒಡೆಯಿತೆಂದು ಸೋಪಿನ ನೊರೆಯೊಂದಿಗೆ ಹೊರಗೆ ಬಂದರು. ಚಾವಡಿಯಲ್ಲಿ ಚಂದದ ಮುಖಗಳು ಬಾಯಿ ಆಡಿಸುತ್ತಿದ್ದವು, ಹಿಂದೆ ವಯಲಿನು ಅಳುತ್ತಿತ್ತು, ಒಂದು ಮಾತೂ ಇಲ್ಲ. ಮಾತೆಲ್ಲ ಅಡುಗೆಮನೆಯಲ್ಲಿ ನನ್ನೊಬ್ಬಳಿಗೆ!

ಇವತ್ತು ಯಜಮಾನರಿಗೆ ರಜೆ. ಬೆಳಗ್ಗೆಯೇ ಏಣಿ ಇಟ್ಟರು. "ಅಪ್ಪ, ಸರೌಂಡ್ ಅಂದ್ರೆ ಕೂತವರ ಸುತ್ತ ಕೇಳಬೇಕು. ಮನೆಯ ಸುತ್ತ ಅಲ್ಲ!"

"ಆಯ್ತು, ತೆಗಿ" ಎಂದರು ಮಾವ. ಜಗಲಿಯದು ಇಳಿಯಿತು, ಮಾಳಿಗೆಯದು ಇಳಿಯಿತು, ಬಚ್ಚಲಿನದು ಚಾವಡಿಗೆ ಬಂತು. ಅಡುಗೆಮನೆಗೆ ಏಣಿ ಬಂದಾಗ ಮಾತ್ರ ಮಾವ ಮಣೆ ಹಾಕಿ ಕೂತು ವಯರು ಹಿಡಿದುಕೊಂಡರು.

"ಇದು ಇರ್ಲಿ."

"ಮಾತು ಬರುವುದೇ ಇದರಲ್ಲಿ! ನಾವು ಮೂಕಿ ಸಿನಿಮಾ ನೋಡುವುದಾ?"

"ನಿಮಗೆ ಮುಖ ಕಾಣ್ತದಲ್ಲ. ಎಲ್ಲವೂ ಚಾವಡಿಗೇ ಯಾಕೆ?"

"ಎಂತ ಹಠ ಇದು ಅಪ್ಪ? ಇದು ಇಲ್ಲಿ ಯಾರಿಗೆ?"

ಮಾವ ನನ್ನ ಕಡೆ ನೋಡಲಿಲ್ಲ. ವಯರನ್ನೇ ನೋಡಿ ಹೇಳಿದರು. "ನನ್ನ ಬಸ್ಸಿನಲ್ಲಿ ಹೆಂಗಸರು ನಿಂತರೆ ಗಂಡಸರನ್ನು ಎಬ್ಬಿಸಿ ಜಾಗ ಮಾಡಿಸಿದವ ನಾನು. ಮನೆಯಲ್ಲಿ ಇವಳು ಬಂದಂದಿನಿಂದ ಬಾಗಿಲಲ್ಲಿ ನಿಂತೇ ಇದ್ದಾಳೆ, ಏನಾಯ್ತು ಏನಾಯ್ತು ಅಂತ. ನೀವು ಯಾರೂ ಎದ್ದದ್ದು ನಾನು ನೋಡ್ಲಿಲ್ಲ."

ಏಣಿ ಸ್ವಲ್ಪ ಅಲುಗಿತು. ಹಿಡಿದವಳು ನಾನೇ ಅಲ್ಲವೇ. ಫ್ರಿಜ್ಜಿನ ಹಿಂದೆ ನಿಂತದ್ದು ನೆನಪಾಯಿತು. ಯಜಮಾನರು ಮೇಲಿನಿಂದ ಇಳಿದು, ಏಣಿಯನ್ನು ಹೊತ್ತುಕೊಂಡು ಹೋದರು. ಡಬ್ಬಿ ಗೋಡೆಯಲ್ಲೇ ಉಳಿಯಿತು.

ಸಂಜೆ ನಾನು ಕಾಯಿ ಅರೆಯುತ್ತಿದ್ದೆ. ತಲೆಯ ಮೇಲೆ ಧಾರಾವಾಹಿಯ ಅತ್ತೆ–ಸೊಸೆ ಜಗಳ. ಚಾವಡಿಯಿಂದ ನಮ್ಮ ಅತ್ತೆ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತರು. "ಏನಾಯ್ತು? ಎಂತ ಹೇಳಿದ್ಲು ಅವಳು?"

"ಅದು ಆಗ್ಲೇ ಆಯ್ತಲ್ಲ ಅತ್ತೆ" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವರಿಗೊಂದು ಮಣೆ ಹಾಕಿ ಕೊಟ್ಟೆ.

ರಾತ್ರಿಗೆ ಕುಚ್ಚಲಕ್ಕಿ ಅನ್ನ, ಬಸಳೆ ಗಸಿ, ಸುಟ್ಟ ಒಣಮೀನು. ಎಲ್ಲರೂ ಅಡುಗೆಮನೆಯಲ್ಲೇ ಕೂತು ಉಂಡೆವು, ಮಾತು ಕೇಳಬೇಕಲ್ಲ. ಚಾವಡಿಯಲ್ಲಿ ಹೊಸ ಟಿವಿ ಯಾರೂ ಇಲ್ಲದೆ ಬಣ್ಣಬಣ್ಣವಾಗಿ ಉರಿಯುತ್ತಿತ್ತು.

ಮೊದಲು ನಿದ್ದೆ ಹೋದವರು ಮಾವ. ಕೈ ತೊಳೆದು ಬಂದವರು ಡಬ್ಬಿಯ ಕೆಳಗೆ ಗೋಡೆಗೆ ಒರಗಿ, ಮಣೆಯ ಮೇಲೆಯೇ. ಪಾತ್ರೆ ತೊಳೆಯುವಾಗ ಸೌಟು ಬಿದ್ದ ಸದ್ದಿಗೆ ಒಮ್ಮೆ ಕಣ್ಣು ಬಿಟ್ಟು, "ಏನಾಯ್ತು ಮಗಾ?" ಎಂದರು.

ನಾನು ಕೈ ಒರೆಸಿಕೊಂಡು ಅವರ ಎದುರು ಕೂತು, ಮೊದಲಿನಿಂದ ಎಲ್ಲ ಹೇಳಿದೆ. ಅವಳು ಅಂದದ್ದು, ಇವನು ಅಂದದ್ದು, ಬಾಗಿಲು ಹಾಕಿಕೊಂಡು ಹೋದದ್ದು. ಅರ್ಧಕ್ಕೇ ಅವರಿಗೆ ಮತ್ತೆ ನಿದ್ದೆ ಹತ್ತಿತು. ನಾನು ಮಾತ್ರ ಕೊನೆಯವರೆಗೂ ಹೇಳಿದೆ.