ದರ್ಜಿಯ ಕೊಳಕ್ಕೆ ಹಸಿರು ಅಂಚು

ನಮ್ಮ ಬೀದೀಲಿ ನನ್ನ ಕೇಳದೆ ಒಂದು ಹುಲ್ಲುಕಡ್ಡೀನೂ ಮೊಳೆಯಲ್ಲ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅಂತ ಕೇಳಬೇಡಿ. ದರ್ಜಿ ಕೊಳದ ವಿಷಯ ಮಾತ್ರ ಪೂರ್ತಿ ನಿಜ.

ಇಡೀ ದಿನ ಮಿಷನ್ ತುಳಿದು ತುಳಿದು ದರ್ಜಿ ಪಾದ ಊದಿ ದಿಂಬಾಗಿದ್ವು. ಸಂಜೆ ಕಾಲು ಇಳಿಬಿಡೋಕೆ ಅಂತ ಮನೆ ಮುಂದೆ ಒಂದು ಕೊಳ ತೋಡಿದ. ಅವನ ಬಾಯಲ್ಲಿ ಅದು ಸಮುದ್ರ. ಎರಡು ಎಮ್ಮೆ ಮಲಗಿದ್ರೆ ಮೂರನೇದು ಹೊರಗೆ ಕಾಯ್ಬೇಕು.

ಹೆಂಡತಿಗೆ ಆ ಕೆಸರಂಚು ಕಂಡ್ರೆ ಆಗದು. "ಸಂಜೆ ನಮ್ಮಣ್ಣ ಬರ್ತಾನೆ ರೀ, ಮುಖ ತೋರಿಸಿ ಹೋಗೋಕೆ. ಅಷ್ಟರೊಳಗೆ ಗಿಡ ಹಾಕಿ ಮರೆಮಾಡಿ. ಚೂರು ಕೆಸರು ಕಂಡ್ರೂ ನಾಳೇನೆ ಕೊಳ ಮುಚ್ಚಿಸ್ತೀನಿ," ಅಂದಳು.

ಯಾವ ಗಿಡ? ಪಕ್ಕದ ಮನೆ ವಾಚ್ ರಿಪೇರಿಯವನು ಬೇಲಿ ಮೇಲಿಂದ ಕತ್ತು ಹಾಕಿದ. "ಜೊಂಡು ಹಾಕಯ್ಯ. ನೀರಲ್ಲೇ ಕಾಲೂರಿ ನಿಲ್ಲುತ್ತೆ."

ಎದುರುಮನೆ ಟೀಚರಮ್ಮ ಬಿಡ್ತಾರಾ? "ಜೊಂಡಲ್ಲಿ ಕಪ್ಪೆ ಸಂಸಾರ ಹೂಡುತ್ತೆ. ಕೆಸು ಹಾಕಪ್ಪ, ಒಂದೊಂದೆಲೆ ಕೊಡೆಯಷ್ಟು."

"ಕಪ್ಪೆಗೆ ಕೊಡೆ ಹಿಡಿಯೋಕಾ?" ಅಂದ ವಾಚಿನವನು.

"ನೀವು ಗಡಿಯಾರ ನೋಡ್ಕೊಳ್ಳಿ. ನಿಮ್ಮ ಅಂಗಡೀಲಿ ಒಂದು ತಿಂಡಿ ಹೊತ್ತು ತೋರಿಸಿದ್ರೆ ಇನ್ನೊಂದು ಊಟದ ಹೊತ್ತು ತೋರಿಸುತ್ತೆ."

ಇಬ್ಬರೂ ಹಠಕ್ಕೆ ಬಿದ್ದು ಆಳೆತ್ತರದ ಗಿಡ ಬೇರುಸಮೇತ ತಂದು ಸುರಿದ್ರು. ದರ್ಜಿ ಯಾರನ್ನೂ ನೋಯಿಸೋನಲ್ಲ. ಟೇಪು ಹಿಡಿದು ಕೊಳದ ಸುತ್ತಳತೆ ತಗೊಂಡ. ಒಂದು ಜೊಂಡು, ಒಂದು ಕೆಸು, ಸಂದಿಗೆಲ್ಲ ಪುದೀನ. ಮೂವತ್ತು ವರ್ಷ ಅಂಚು ಹೊಲಿದ ಕೈ ಅದು, ಇರುವೆ ನುಸುಳೋಕೂ ಬಿಡಲಿಲ್ಲ. ಕತ್ತು ತೂರಿಸೋಕೆ ಜಾಗ ಬಿಡದೆ ಅಂಗಿ ಹೊಲಿದಂಗೆ, ತಾನು ಇಳಿಯೋಕೂ ದಾರಿ ಇಡೋದು ಮರೆತ.

ಸಂಜೆ ಹೆಂಡತಿ ಮೂರು ಸುತ್ತು ಬಂದಳು, ಬಗ್ಗಿ ಬಗ್ಗಿ ನೋಡಿದಳು. "ಗೆದ್ರಿ," ಅಂದಳು. ದರ್ಜಿ ಎದೆ ಉಬ್ಬಿದ ರಭಸಕ್ಕೆ ಅಂಗಿ ಗುಂಡಿ ಹಾರಿ ಟೀಚರಮ್ಮನ ಕಿಟಕಿಗೆ ಬಡೀತು.

ಕೆಸರು ಹಾಗಿರಲಿ, ನೀರೂ ಕಾಣ್ತಿರಲಿಲ್ಲ. ಹೆಂಡತಿ ಅಣ್ಣ ಬಂದವರೇ, "ಎಲ್ಲಮ್ಮಾ ಕೊಳ?" ಅಂತ ಎಲೆ ಸರಿಸಿ ಹೆಜ್ಜೆ ಇಟ್ರು. ಧುಡುಂ.

ತಲೆ ಮೇಲೊಂದು ಕೆಸುವಿನೆಲೆ, ಎದೆಮಟ್ಟ ನೀರು. "ನಾಳೇನೆ ಮುಚ್ಚಿಸ್ತೀನಿ ಇದನ್ನ!" ಅಂತ ಹೆಂಡತಿ ಕೂಗಿದಳು. ಕೊಳದ ಕತೆ ಮುಗೀತು ಅಂದ್ಕೊಂಡ ದರ್ಜಿ.

ನೀರಲ್ಲಿದ್ದ ಅಣ್ಣ ನಿಧಾನವಾಗಿ ಕಣ್ಣು ಮುಚ್ಚಿದ್ರು. "ತಂಗೀ, ಹತ್ತು ವರ್ಷದ ಸೊಂಟನೋವು ಈಗ ಬಿಡ್ತು. ಇದನ್ನ ಮುಚ್ಚೋ ಮಾತೆತ್ತಿದ್ರೆ ನನ್ನಾಣೆ. ಮನೆಯಿಂದ ನನ್ನ ಬಟ್ಟೆಬರೆ ತರಿಸು."

ಹಂಗೆ ಕೊಳ ಉಳೀತು. ತಿಂಗಳೆರಡಾಯ್ತು, ಅವರು ಊಟಕ್ಕೆ ಮಾತ್ರ ಮೇಲೇಳ್ತಾರೆ. ದರ್ಜಿ ಹಿತ್ತಲಲ್ಲಿ ನೀರು ತುಂಬಿದ ಒಂದು ಬಕೆಟ್ ಇದೆ, ಸುತ್ತ ಪುದೀನ ನೆಟ್ಟಿದ್ದಾನೆ. ಅದು ಯಾಕೆ ಅಂತ ನೀವೇ ಹೇಳಿ ನೋಡೋಣ.